ಮಾಲ್ಟಾದ ಮಾರ್ಸಾಶ್ಲೊಕ್: ಮೀನುಗಾರರ ಊರು, ಸುತ್ತಲಿನ ಕಡಲತೀರಗಳು – ಹೋಗಿ ಬಂದವರು, ಅಲ್ಲೇ ಇರುವವರು ತಿಳಿಸಿ

ಕಾಡುಮಲ್ಲಿಗೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ಮಾಲ್ಟಾಕ್ಕೆ ಹೊರಟಿದ್ದೇವೆ. ನಾನು, ನಮ್ಮನೆಯವರು, ಹತ್ತು ವರ್ಷದ ಮಗಳು, ಜೊತೆಗೆ ಅತ್ತೆ-ಮಾವ. ರಾಜಧಾನಿ ವಲೆಟ್ಟಾದ ಕೋಟೆ, ಚರ್ಚು, ಅರಮನೆ ನೋಡುವುದು ಇದ್ದೇ ಇದೆ. ಅದಕ್ಕಿಂತ ಹೆಚ್ಚಾಗಿ ಒಂದು ಮೀನುಗಾರರ ಊರಿನಲ್ಲಿ ಕೆಲವು ದಿನ ತಳವೂರಬೇಕೆಂಬ ಆಸೆ ನನ್ನದು. ಬೆಳಿಗ್ಗೆ ದೋಣಿಗಳು ಬರುವುದನ್ನು ನೋಡಬೇಕು, ಮಧ್ಯಾಹ್ನ ಈಜಬೇಕು, ಸಂಜೆ ದಡದಲ್ಲಿ ಅಡ್ಡಾಡಬೇಕು.

ಮಾರ್ಸಾಶ್ಲೊಕ್ ಎಂಬ ಊರಿನ ಫೋಟೊ ಹೋದಲ್ಲೆಲ್ಲ ಕಾಣಿಸುತ್ತಿದೆ. ಹಳದಿ, ನೀಲಿ, ಕೆಂಪು, ಹಸಿರು ಪಟ್ಟಿಯ ದೋಣಿಗಳು, ಮೂತಿಯ ಎರಡೂ ಬದಿಗೆ ಕಣ್ಣು. ಆದರೆ ಇಷ್ಟೊಂದು ಫೋಟೊ ಹರಿದಾಡುವ ಊರು ಶಾಂತವಾಗಿರಲು ಸಾಧ್ಯವೇ? ಇದು ಮೊದಲ ಅನುಮಾನ. ಅತ್ತೆಗೆ ಮಂಡಿನೋವು, ಬಂಡೆ ಹತ್ತಿಳಿಯುವುದು ಆಗದು. ಅವರು ಕಾಲು ನೆನೆಸುವಂಥ ಮರಳಿನ ತೀರ ಹತ್ತಿರದಲ್ಲಿದೆಯೇ? ಮಗಳು ಚೆನ್ನಾಗಿ ಈಜುತ್ತಾಳೆ, ಆದರೆ ಈವರೆಗೆ ಈಜುಕೊಳದಲ್ಲಿ ಮಾತ್ರ. ಇನ್ನು ಅತ್ತೆ-ಮಾವ ಮೊಟ್ಟೆಯನ್ನೂ ಮುಟ್ಟುವವರಲ್ಲ. ಮೀನೇ ಬದುಕಾಗಿರುವ ಊರಿನಲ್ಲಿ ಅವರ ಹೊಟ್ಟೆಗೆ ಏನು ಸಿಗುತ್ತದೆ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಗೌಡ್ರು_ಮಂಡ್ಯ

ಅಕ್ಕ, ಭಾನುವಾರ ಮಾತ್ರ ಹೋಗ್ಬೇಡಿ. ನಾವು ಹೋಗಿದ್ದು ಅವತ್ತೇ. ದಂಡೆ ಉದ್ದಕ್ಕೂ ಸಂತೆ, ಬಸ್ಸಿನ ಮೇಲೆ ಬಸ್ಸು ಬಂದು ಜನ ಇಳೀತಾನೇ ಇದ್ರು. ಮೀನಿನ ಅಂಗಡಿಗಳು ನೋಡೋಕೆ ಬಲು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಶಾಂತಿ ಬೇಕು ಅಂದ್ರೆ ಅವತ್ತು ಸಿಗಲ್ಲ.

ವಲೆಟ್ಟಾ_ವಾಸಿ (ಮಾಲ್ಟಾ)

ಕೆಲಸದ ಮೇಲೆ ಇಲ್ಲಿ ನೆಲೆಸಿರುವ ಕನ್ನಡಿಗ ನಾನು. ಬಿಡುವು ಸಿಕ್ಕರೆ ಹೋಗುವುದು ಆ ಊರಿಗೇ. ಕಾಡುಮಲ್ಲಿಗೆಯವರೇ, ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಸಾಧ್ಯ, ಆದರೆ ರಾತ್ರಿ ಅಲ್ಲೇ ಉಳಿಯಬೇಕು.

ಕಾರಣ ಹೇಳುತ್ತೇನೆ. ಮಾಲ್ಟಾ, ಗೋಜೊ, ಕೊಮಿನೊ ಎಲ್ಲ ಸೇರಿದರೂ ಇಡೀ ದೇಶ 316 ಚದರ ಕಿಲೋಮೀಟರ್. ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಮಾರ್ಸಾಶ್ಲೊಕ್ ಆಗ್ನೇಯ ಮೂಲೆಯಲ್ಲಿದೆ. ವಿಮಾನ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಕಾಲು ಗಂಟೆಯ ದಾರಿ. ವಲೆಟ್ಟಾದಿಂದ 81 ಮತ್ತು 85ನೇ ನಂಬರಿನ ಬಸ್ಸುಗಳಿವೆ. ಎಲ್ಲವೂ ಇಷ್ಟು ಹತ್ತಿರವಿರುವುದರಿಂದ ಇಲ್ಲಿ ಉಳಿಯುವವರು ಕಡಿಮೆ. ಹತ್ತು ಗಂಟೆಯ ಮೇಲೆ ಬರುತ್ತಾರೆ, ಊಟ ಮಾಡುತ್ತಾರೆ, ಇಳಿಹೊತ್ತಿಗೆ ಹೊರಟುಬಿಡುತ್ತಾರೆ. ಅವರು ಬರುವ ಮುಂಚೆ, ಅವರು ಹೋದ ಮೇಲೆ ಊರು ಊರಿನವರದೇ. ಸಂಜೆ ದಂಡೆಯ ಬೆಂಚುಗಳಲ್ಲಿ ಅಜ್ಜಂದಿರು ಕೂತು ಮಾತಾಡುತ್ತಿರುತ್ತಾರೆ, ಹುಡುಗರು ಮೆಟ್ಟಿಲ ಮೇಲೆ ಕೂತು ಗಾಳ ಹಾಕುತ್ತಾರೆ. ನಿಮಗೆ ಬೇಕಾಗಿರುವುದು ಇದೇ ಅಲ್ಲವೇ? ಸೋಮವಾರದಿಂದ ಗುರುವಾರದೊಳಗೆ ಉಳಿಯುವ ಹಾಗೆ ನೋಡಿಕೊಳ್ಳಿ. ಸೆಪ್ಟೆಂಬರ್ 21 ಇಲ್ಲಿನ ಸ್ವಾತಂತ್ರ್ಯ ದಿನ, ಅವತ್ತು ಇಡೀ ದೇಶಕ್ಕೆ ರಜೆ. ಆ ದಿನ ತಪ್ಪಿಸಿ.

ದೋಣಿಗಳ ಬಗ್ಗೆ. ಆ ಬಣ್ಣದ ದೋಣಿಗೆ ಲುಟ್ಸು ಅನ್ನುತ್ತಾರೆ. ಹಿಂದೆ ಮುಂದೆ ಎರಡೂ ಕಡೆ ಚೂಪು. ಮೂತಿಯ ಕಣ್ಣುಗಳು ಪ್ರಾಚೀನ ಕಡಲ ವ್ಯಾಪಾರಿಗಳಾದ ಫೀನಿಷಿಯನ್ನರ ಕಾಲದ ರೂಢಿಯಿಂದ ಬಂದವು, ಕಡಲಲ್ಲಿ ಕೇಡು ತಟ್ಟದಂತೆ ಕಾಯುತ್ತವೆ ಎಂದು ಊರವರು ಹೇಳುತ್ತಾರೆ. ಹೆಸರುಗಳೆಲ್ಲ ಸಂತರದು, ಮೇರಿ ಮಾತೆಯದು. ಕಣ್ಣು ಫೀನಿಷಿಯನ್ನರದು, ಹೆಸರು ಕ್ರೈಸ್ತರದು. ಒಂದೇ ಹಲಗೆಯ ಮೇಲೆ ಎರಡೂ ಸುಖವಾಗಿವೆ. ಪಕ್ಕದಲ್ಲಿ ಬರೆದಿರುವ ಅಕ್ಷರಗಳನ್ನೂ ನೋಡಿ. ಎಂಎಫ್‌ಎ ಎಂದಿದ್ದರೆ ಪೂರ್ತಿ ಮೀನುಗಾರಿಕೆಯನ್ನೇ ನಂಬಿದವರ ದೋಣಿ, ಎಂಎಫ್‌ಬಿ ಎಂದಿದ್ದರೆ ಬೇರೆ ಕೆಲಸದ ಜೊತೆಗೆ ಮೀನಿಗೆ ಹೋಗುವವರದು. ದೂರದ ಕಡಲಿಗೆ ಹೋಗುವುದು ಈಗ ಹೆಚ್ಚಾಗಿ ದೊಡ್ಡ ದೋಣಿಗಳು. ಲುಟ್ಸುಗಳಲ್ಲಿ ಕೆಲವು ಪ್ರವಾಸಿಗರನ್ನು ಸುತ್ತಾಡಿಸುತ್ತವೆ, ಉಳಿದವು ಹತ್ತಿರದ ನೀರಿನಲ್ಲಿ ಬಲೆ ಬಿಡುತ್ತವೆ. ಮರದ ದೋಣಿಗೆ ವರ್ಷ ವರ್ಷವೂ ಕೆರೆದು, ಸಂದು ತುಂಬಿ, ಬಣ್ಣ ಬಳಿಯಬೇಕು. ಆ ಕೆಲಸ ಮಾಡುವ ಕೈಗಳು ಕಡಿಮೆಯಾಗುತ್ತಿವೆ. ಒಂದು ಲುಟ್ಸು ದಡ ಹತ್ತಿ ಹಾಗೇ ಒಣಗುತ್ತಿರುವುದನ್ನು ಕಂಡರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಒಂದು ಕೋರಿಕೆ. ದಂಡೆಯ ಮೇಲೆ ಬಲೆ ಹರಡಿದ್ದರೆ ತುಳಿಯಬೇಡಿ, ದಾಟಿಯೂ ಹೋಗಬೇಡಿ, ಸುತ್ತಿ ಹೋಗಿ. ಬಲೆ ತೇಪೆ ಹಾಕುತ್ತಿರುವವರ ಫೋಟೊ ತೆಗೆಯುವ ಮುನ್ನ ಒಂದು ಮಾತು ಕೇಳಿ. ಇಂಗ್ಲಿಷ್ ಇಲ್ಲಿ ಅಧಿಕೃತ ಭಾಷೆ, ಎಲ್ಲರಿಗೂ ಬರುತ್ತದೆ. ಕೇಳಿದರೆ ಬೇಡವೆನ್ನುವವರು ಕಡಿಮೆ, ಎಷ್ಟೋ ಸಲ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುತ್ತಾರೆ.

ಪೇಡಾ_ನಗರಿ (ಧಾರವಾಡ)

ಒಂದ್ ಮಾತು ಹೇಳ್ಲೇಬೇಕ್ರೀ, ಇಲ್ಲಂದ್ರ ಅಕ್ಕಾರು ಹೋಗಿ ಬ್ಯಾಸರ ಮಾಡ್ಕೋತಾರ. ಫೋಟೊದಾಗ ಕಾಣೂದು ಅರ್ಧಾ ಊರು. ದಂಡಿ ಮ್ಯಾಲೆ ನಿಂತು ಬಲಕ್ಕ ನೋಡಿದ್ರ ಕೊಲ್ಲಿ ಆ ಕಡೆ ಕಂಟೇನರ್ ಬಂದರಿನ ದೊಡ್ಡ ದೊಡ್ಡ ಕ್ರೇನು. ಎಡಕ್ಕ ಡೆಲಿಮಾರಾ ವಿದ್ಯುತ್ ಸ್ಥಾವರ, ಅದರ ಬಾಜೂಕ ಅನಿಲ ತುಂಬಿದ ಹಡಗೊಂದು ಕಾಯಂ ನಿಂತದ. ಇದನ್ನ ಹೆಂಗ ಶಾಂತ ಹಳ್ಳಿ ಅನ್ನೂದ್ರೀ? ನನ್ನ ಕೇಳಿದ್ರ ಗೋಜೊ ದ್ವೀಪದ ಶ್ಲೆಂದಿಗೆ ಹೋಗ್ರಿ. ಎರಡೂ ಕಡೆ ಬಂಡೆಗಲ್ಲು, ನಡು ಸಣ್ಣ ಕೊಲ್ಲಿ. ಕಣ್ಣಿಗೆ ತಂಪು.

ವಲೆಟ್ಟಾ_ವಾಸಿ (ಮಾಲ್ಟಾ)

ಪೇಡಾ ನಗರಿಯವರು ಹೇಳಿದ್ದು ಅಕ್ಷರಶಃ ನಿಜ. ಕಂಟೇನರ್ ಬಂದರು 1988ರಿಂದ ಇದೆ, ವಿದ್ಯುತ್ ಸ್ಥಾವರ ತೊಂಬತ್ತರ ದಶಕದ್ದು, ಅನಿಲದ ಹಡಗು 2016ರಿಂದ. ಆ ಹಡಗು ಬರುವ ಮುಂಚೆ ಊರವರಿಗೂ ಮೀನುಗಾರರಿಗೂ ಭಯವಿತ್ತು, ಈಗಲೂ ಕೆಲವರು ಅದನ್ನು ಒಪ್ಪಿಲ್ಲ. ಶ್ಲೆಂದಿ ಚೆಂದದ ಜಾಗವೇ. ಆದರೆ ಅಲ್ಲಿ ದೋಣಿಗಿಂತ ಹೋಟೆಲಿನ ಮೇಜುಗಳೇ ಹೆಚ್ಚು ಕಾಣುತ್ತವೆ. ಮಾರ್ಸಾಶ್ಲೊಕ್ ದುಡಿಯುವ ಬಂದರು. ದೇಶದ ಮೀನುಗಾರಿಕೆಯ ದೋಣಿಗಳಲ್ಲಿ ಬಹುಪಾಲು ಇಲ್ಲಿಯವು. ಕ್ರೇನು ಕಾಣಬಾರದು ಅನ್ನುವವರಿಗೆ ಈ ಊರು ಆಗಿಬರದು. ಮೀನುಗಾರರ ಬದುಕು ಕಾಣಬೇಕು ಅನ್ನುವವರಿಗೆ ಇದೇ ಆಗಬೇಕು.

ಹಳೆಗಲ್ಲು (ಮೈಸೂರು)

ಕ್ರೇನು, ಹಡಗು ಇಲ್ಲಿಗೇ ಯಾಕೆ ಬಂದವು ಅಂದರೆ ಕೊಲ್ಲಿ ಅಷ್ಟು ವಿಶಾಲವಾಗಿದೆ, ಆಳವಾಗಿದೆ. ಇತಿಹಾಸದುದ್ದಕ್ಕೂ ಮಾಲ್ಟಾದ ಮೇಲೆ ಕಣ್ಣಿಟ್ಟವರೆಲ್ಲ ಮೊದಲು ಇಲ್ಲಿಗೇ ಬಂದಿದ್ದಾರೆ.

1565ರ ಮೇ 18ರಂದು ಕಾಣಿಸಿಕೊಂಡ ಒಟ್ಟೋಮನ್ ತುರ್ಕರ ನೌಕಾಪಡೆ ಲಂಗರು ಹಾಕಿದ್ದು ಈ ಕೊಲ್ಲಿಯಲ್ಲಿ. ಆದರೆ ಇದರ ಬಾಯಿ ಆಗ್ನೇಯಕ್ಕೆ ತೆರೆದಿದೆ. ಆ ದಿಕ್ಕಿನಿಂದ ಬೀಸುವ ಶ್ಲೊಕ್ ಗಾಳಿಗೆ ಇಲ್ಲಿ ತಡೆಯೇ ಇಲ್ಲ. ಹಡಗುಗಳಿಗೆ ಇನ್ನೂ ಭದ್ರವಾದ ಬಂದರು ಬೇಕೆಂದು ನೌಕಾಧಿಪತಿ ಪಿಯಾಲೆ ಪಾಷಾ ಹಟ ಹಿಡಿದ. ಉತ್ತರದ ಮಾರ್ಸಮ್‌ಶೆಟ್ ಬಂದರಿಗೆ ಹೋಗಬೇಕಾದರೆ ಬಾಯಲ್ಲೇ ಸೇಂಟ್ ಎಲ್ಮೋ ಕೋಟೆ. ಅದನ್ನು ಹಿಡಿಯಲು ಹೋಗಿ ಜೂನ್ 23ರವರೆಗೆ, ಒಂದು ತಿಂಗಳ ಹತ್ತಿರ, ಅಲ್ಲೇ ಸಿಕ್ಕಿಕೊಂಡರು. ಸಾವಿರಾರು ಸೈನಿಕರು ಸತ್ತರು. ಸೆಪ್ಟೆಂಬರ್‌ನಲ್ಲಿ ಮುತ್ತಿಗೆಯೇ ಮುರಿದುಬಿತ್ತು.

ಇಂಥ ದಾಳಿ ಮತ್ತೆ ಆಗದಿರಲೆಂದು ಆಗ ಮಾಲ್ಟಾ ಆಳುತ್ತಿದ್ದ ಕ್ರೈಸ್ತ ಯೋಧರ ಸಂಘವಾದ ನೈಟ್‌ಗಳ ಮುಖ್ಯಸ್ಥ (ಗ್ರ್ಯಾಂಡ್ ಮಾಸ್ಟರ್) ಅಲೋಫ್ ದ ವಿನ್ಯಾಕೂರ್ 1610ರಲ್ಲಿ ಇಲ್ಲಿ ಸೇಂಟ್ ಲೂಸಿಯನ್ ಕೋಟೆ ಕಟ್ಟಿಸಲು ಆರಂಭಿಸಿದ. ಈಗ ಅದರೊಳಗೆ ಮೀನು ಸಾಕಣೆಯ ಸಂಶೋಧನಾ ಕೇಂದ್ರವಿದೆ. 1798ರ ಜೂನ್‌ನಲ್ಲಿ ನೆಪೋಲಿಯನ್ನನ ಸೈನ್ಯದ ಒಂದು ಭಾಗ ಇಳಿದದ್ದೂ ಇದೇ ಕೊಲ್ಲಿಯಲ್ಲಿ. 1989ರ ಡಿಸೆಂಬರ್ 2 ಮತ್ತು 3ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ) ಮತ್ತು ಸೋವಿಯತ್ ನಾಯಕ ಮಿಖಾಯಿಲ್ ಗೋರ್ಬಚೇವ್ ಶೀತಲ ಸಮರಕ್ಕೆ ತೆರೆ ಎಳೆದ ಭೇಟಿ ನಡೆದದ್ದೂ ಇಲ್ಲಿಯೇ. ಎರಡು ಯುದ್ಧನೌಕೆಗಳಲ್ಲಿ ಒಮ್ಮೆ ಅಲ್ಲಿ, ಒಮ್ಮೆ ಇಲ್ಲಿ ಕೂತು ಮಾತಾಡುವುದೆಂದು ಗೊತ್ತುಮಾಡಿದ್ದರು. ಬಿರುಗಾಳಿ ಎದ್ದು ಕೊಲ್ಲಿ ಕುದಿಯತೊಡಗಿತು. ಕೊನೆಗೆ ದಂಡೆಗೆ ಕಟ್ಟಿದ್ದ ಮ್ಯಾಕ್ಸಿಮ್ ಗೋರ್ಕಿ ಎಂಬ ಸೋವಿಯತ್ ಪ್ರಯಾಣಿಕ ಹಡಗಿನಲ್ಲೇ ಮಾತುಕತೆ ಮುಗಿಸಬೇಕಾಯಿತು.

ನಿಮ್ಮ ಮಾವನವರಿಗೆ ಹಳೆಯದರಲ್ಲಿ ಆಸಕ್ತಿ ಇದ್ದರೆ ಊರಿನ ಮೇಲಿನ ಗುಡ್ಡದಲ್ಲಿ ತಾಸ್-ಸಿಲ್ಜ್ ಇದೆ. ಶಿಲಾಯುಗದ ದೇಗುಲದ ಮೇಲೆ ಫೀನಿಷಿಯನ್ನರ ಅಸ್ಟಾರ್ಟೆ ಗುಡಿ, ಅದೇ ಮುಂದೆ ರೋಮನ್ನರ ಜೂನೊ ದೇವಾಲಯ, ಆಮೇಲೆ ಬೈಜಾಂಟಿನ್ ಕಾಲದ ಚರ್ಚು. ದೇವರು ಬದಲಾದರೂ ಜನ ಆ ನೆಲವನ್ನು ಬಿಡಲಿಲ್ಲ. ಸಿಸಿಲಿಯ ರೋಮನ್ ಆಡಳಿತಗಾರ ವೆರೆಸ್ ಈ ಗುಡಿಯ ಸಂಪತ್ತು ದೋಚಿದನೆಂದು ರೋಮಿನ ವಾಗ್ಮಿ ಸಿಸೆರೊ ಕ್ರಿ.ಪೂ. 70ರಲ್ಲಿ ಅವನ ಮೇಲೆ ಆರೋಪ ಹೊರಿಸಿದ್ದ. ಉತ್ಖನನದ ಜಾಗವಾದ್ದರಿಂದ ಸುಮ್ಮನೆ ಹೋದರೆ ಬಾಗಿಲು ಮುಚ್ಚಿರುತ್ತದೆ. ಸ್ಮಾರಕಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಹೆರಿಟೇಜ್ ಮಾಲ್ಟಾದವರನ್ನು ಮೊದಲೇ ವಿಚಾರಿಸಿಕೊಳ್ಳಿ.

ಕಾಡುಮಲ್ಲಿಗೆ (ಬೆಂಗಳೂರು)

ಅಬ್ಬಾ, ಒಂದು ಸಣ್ಣ ಊರಿನಲ್ಲಿ ಇಷ್ಟೆಲ್ಲವೇ! ಮಾವ ಚರಿತ್ರೆ ಮೇಷ್ಟರಾಗಿದ್ದವರು, ಇದನ್ನು ಓದಿ ಈಗಲೇ ನಕ್ಷೆ ಹಿಡಿದು ಕೂತಿದ್ದಾರೆ. ವಲೆಟ್ಟಾ ವಾಸಿಯವರೇ, ಕ್ರೇನುಗಳಿದ್ದರೆ ಇರಲಿ, ನಾವು ಅಲ್ಲೇ ಉಳಿಯುತ್ತೇವೆ. ಈಜಿನ ವಿಷಯ ಯಾರಾದರೂ ಹೇಳಿ.

ತಣ್ಣೀರುಬಾವಿ_ಹುಡುಗಿ (ಸ್ಲೀಮಾ, ಮಾಲ್ಟಾ)

ನಾನು ಹೇಳ್ತೇನೆ. ಮಂಗಳೂರಿನವಳು, ಕಡಲು ಬಿಟ್ಟು ಇರಲಿಕ್ಕೆ ಆಗುವುದಿಲ್ಲ ನನಗೆ.

ಮೊದಲನೆಯದು: ಮಾರ್ಸಾಶ್ಲೊಕ್ ದಂಡೆಯಲ್ಲಿ ಈಜುವ ಯೋಚನೆ ಬೇಡ. ಅದು ದೋಣಿಗಳ ಜಾಗ. ನೀರಿನಲ್ಲಿ ಹಗ್ಗ, ಡೀಸೆಲ್, ಓಡಾಡುವ ದೋಣಿ. ಈಜಲಿಕ್ಕೆ ಸುತ್ತಲಿನ ಜಾಗಗಳಿವೆ, ಎಲ್ಲಿಗೆ ಹೋಗಬೇಕು ಅಂತ ನಿರ್ಧಾರ ಮಾಡುವುದು ಗಾಳಿ.

ಮಾಲ್ಟಾದಲ್ಲಿ ಹೆಚ್ಚಾಗಿ ಬೀಸುವುದು ವಾಯವ್ಯದ ಗಾಳಿ, ಮಜಿಸ್ತ್ರಾಲ್ ಅಂತಾರೆ. ಅದು ಬೀಸುವಾಗ ಉತ್ತರ, ಪಶ್ಚಿಮದ ತೀರಗಳಲ್ಲಿ ತೆರೆ ಏಳ್ತದೆ, ಈ ಆಗ್ನೇಯದ ಕಡೆ ನೀರು ಕನ್ನಡಿ. ಗಾಳಿ ತಿರುಗಿ ಶ್ಲೊಕ್ ಅಥವಾ ಈಶಾನ್ಯದ ಗ್ರಿಗಾಲ್ ಶುರುವಾದರೆ ಎಲ್ಲ ತಲೆಕೆಳಗು. ಅವತ್ತು ಈ ಕಡೆ ನೀರಿಗೆ ಇಳಿಯಲೇಬಾರದು. ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ಮಲಗಿ. ಇದನ್ನು ಇಲ್ಲಿಯ ಮಕ್ಕಳೂ ಮಾಡ್ತಾರೆ.

ಎಲ್ಲರೂ ಹೇಳುವ ಸೇಂಟ್ ಪೀಟರ್ಸ್ ಪೂಲ್ ಡೆಲಿಮಾರಾ ಭೂಶಿರದ ಪೂರ್ವದ ಅಂಚಿನಲ್ಲಿದೆ. ಹಳದಿ ಸುಣ್ಣಕಲ್ಲನ್ನು ಕಡಲು ಕೊರೆದು ಮಾಡಿದ ಅರ್ಧಚಂದ್ರದ ಕೊಳ. ನೀರು ತಿಳಿ ಹಸಿರು, ತಳದ ಬಂಡೆ ಕಾಣ್ತದೆ. ಮರಳಿಲ್ಲ, ನೆರಳಿಲ್ಲ, ಅಂಗಡಿಯಿಲ್ಲ, ಕಾಯುವ ಗಾರ್ಡ್ ಇಲ್ಲ. ಬಂಡೆಯ ಅಂಚು ಬಿಟ್ಟ ಕೂಡಲೇ ಆಳ. ಏಣಿಯಲ್ಲಿ ಇಳಿದು ಹತ್ತಬಹುದು. ಪಾಚಿ ಹಿಡಿದ ಕಡೆ ಕಾಲಿಟ್ಟರೆ ಜಾರಿದ್ದೇ. ಮಾರ್ಸಾಶ್ಲೊಕ್‌ನಿಂದ ನಡೆದರೆ ಮುಕ್ಕಾಲು ಗಂಟೆಯ ಒಳಗೆ, ಕೊನೆಯಲ್ಲಿ ಕಲ್ಲುದಾರಿಯ ಇಳಿಜಾರು. ದಂಡೆಯಿಂದ ದೋಣಿಯವರೂ ಕರೆದುಕೊಂಡು ಹೋಗಿ ಬಿಡ್ತಾರೆ, ಹೇಳಿದ ಹೊತ್ತಿಗೆ ಬಂದು ಕರೆತರ್ತಾರೆ. ಬಾಡಿಗೆ ಕಾರಿನಲ್ಲಿ ಹೋದರೆ ಒಳಗೆ ಬ್ಯಾಗು, ಕ್ಯಾಮೆರಾ ಬಿಡಬೇಡಿ. ನಿಲ್ಲಿಸುವ ಜಾಗದಲ್ಲಿ ಗಾಜು ಒಡೆದು ಕದಿಯುವುದು ಇದೆ. ನಿಮ್ಮ ಅತ್ತೆಯವರಿಗೆ ಈ ಜಾಗ ಬೇಡವೇ ಬೇಡ. ಮಗಳಿಗೆ ಆಗ್ತದೆ, ಆದರೆ ನೀವೋ ಯಜಮಾನರೋ ಜೊತೆಗೆ ನೀರಿನಲ್ಲಿ ಇರಬೇಕು, ಮೇಲಿಂದ ಧುಮುಕಲಿಕ್ಕೆ ಬಿಡಬಾರದು. ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ. ಹನ್ನೊಂದರ ನಂತರ ಬಂಡೆ ಕಾದು ಕಾಲಿಡಲಿಕ್ಕೆ ಆಗುವುದಿಲ್ಲ.

ನನಗೆ ಅದಕ್ಕಿಂತ ಇಷ್ಟ ಅಂದರೆ ಇನ್ನೂ ದಕ್ಷಿಣಕ್ಕೆ, ಡೆಲಿಮಾರಾ ದೀಪಸ್ತಂಭದ ಹತ್ತಿರದ ಇಲ್-ಕಲಂಕಾ. ಸಣ್ಣ ಕೊಲ್ಲಿ, ಸುತ್ತ ಬಿಳಿ ಬಂಡೆ, ಜನ ಕಡಿಮೆ. ಭೂಶಿರದ ತುದಿಯ ಕಡೆ ಬಂಡೆಯಲ್ಲೇ ಕೊರೆದ ಉಪ್ಪಿನ ಪಾತಿಗಳಿವೆ. ಬೇಸಿಗೆಯಲ್ಲಿ ಪಾತಿಯ ಅಂಚಿಗೆ ಉಪ್ಪು ಬಿಳಿಯಾಗಿ ಕಟ್ಟಿರ್ತದೆ.

ಅತ್ತೆಯವರಿಗೆ ಪ್ರೆಟಿ ಬೇ. ಪಕ್ಕದ ಊರು ಬಿರ್ಜೆಬ್ಬುಜಾದಲ್ಲಿದೆ, ಟ್ಯಾಕ್ಸಿಯಲ್ಲಿ ಹತ್ತು ನಿಮಿಷ. ಒಳ್ಳೆಯ ಮರಳು, ಸಮತಟ್ಟು, ಸ್ವಲ್ಪ ಸ್ವಲ್ಪವೇ ಆಳ ಆಗ್ತಾ ಹೋಗ್ತದೆ. ಕೂರಲಿಕ್ಕೆ ಬೆಂಚು, ಐಸ್‌ಕ್ರೀಂ, ಶೌಚಾಲಯ ಎಲ್ಲ ಇದೆ. ಕಂಟೇನರ್ ಬಂದರಿಗಾಗಿ ಕೊಲ್ಲಿ ಹೂಳೆತ್ತಿದಾಗ ತೆಗೆದ ಮರಳನ್ನೇ ಇಲ್ಲಿ ಹಾಕಿದ್ದು, ಹಾಗಾಗಿ ಎದುರಿಗೇ ಕ್ರೇನುಗಳು. ಮಗಳಿಗೂ ಮೊದಲ ದಿನ ಇಲ್ಲಿಯೇ ಅಭ್ಯಾಸ ಆಗಲಿ. ಇನ್ನೊಂದು, ಉತ್ತರಕ್ಕೆ ಸೇಂಟ್ ಥಾಮಸ್ ಬೇ. ಅಲ್ಲಿಂದ ಮುನ್‌ಶಾರ್ ಕಡೆಯ ಬಿಳಿ ಬಂಡೆಗೋಡೆ ನೋಡುತ್ತಾ ನಡೆಯಬಹುದು. ತುದಿಯ ಹತ್ತಿರ ಮಾತ್ರ ಹೋಗಬೇಡಿ, ಸುಣ್ಣಕಲ್ಲು ಕೆಳಗಿನಿಂದ ಸವೆದಿರ್ತದೆ, ಮೇಲೆ ನಿಂತವರಿಗೆ ಗೊತ್ತಾಗುವುದಿಲ್ಲ.

ನಮ್ಮ ಕಡೆಯ ಕಡಲಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಉಬ್ಬರ-ಇಳಿತ. ಇಲ್ಲಿ ಅದು ಒಂದು ಗೇಣು ಇದ್ದರೆ ಹೆಚ್ಚು. ಅದಕ್ಕೇ ಮನೆ ಮೆಟ್ಟಿಲ ಬುಡದಲ್ಲೇ ನೀರು, ದಂಡೆಯಲ್ಲೇ ದೋಣಿ. ಉಪ್ಪು ಹೆಚ್ಚು, ತೇಲುವುದು ಸುಲಭ, ಕಣ್ಣು ಮಾತ್ರ ಉರೀತದೆ, ಮಗಳಿಗೆ ಈಜುಕನ್ನಡಕ ಇರಲಿ. ಸೆಪ್ಟೆಂಬರ್‌ನಲ್ಲಿ ನೀರು 25-26 ಡಿಗ್ರಿ, ನಮಗೆ ಹೇಳಿ ಮಾಡಿಸಿದ ಹಾಗೆ. ಏಪ್ರಿಲ್‌ನಲ್ಲಿ ಬಂದವರು ಕಾಲಿಟ್ಟು ಓಡಿಹೋಗ್ತಾರೆ. ಬಂಡೆ ಸಂದಿಯಲ್ಲಿ ಕಡಲ ಮುಳ್ಳುಚೆಂಡುಗಳು ಇರ್ತವೆ, ರಬ್ಬರ್ ಚಪ್ಪಲಿ ತನ್ನಿ. ನೇರಳೆ ಬಣ್ಣದ ಸಣ್ಣ ಲೋಳೆಮೀನು ಕೆಲವು ದಿನ ಗಾಳಿಯ ಜೊತೆ ಬರ್ತದೆ, ತಾಗಿದರೆ ಚೆನ್ನಾಗಿ ಉರೀತದೆ. ಗಾರ್ಡ್ ಇರುವ ತೀರದಲ್ಲಿ ನೇರಳೆ ಬಾವುಟ ಕಂಡರೆ ಅದೇ ಅಂತ ತಿಳಿದುಕೊಳ್ಳಿ. ಇಲ್ಲದ ಕಡೆ ನೀರಿನಿಂದ ಹೊರಗೆ ಬಂದವರನ್ನು ಕೇಳಿಯೇ ಇಳಿಯಿರಿ.

ಗೌಡ್ರು_ಮಂಡ್ಯ

ತಂಗಿ ಹೇಳಿದ ಕಾರಿನ ವಿಷಯ ನೂರಕ್ಕೆ ನೂರು ಸತ್ಯ. ಅಲ್ಲಿ ಎಚ್ಚರಿಕೆ ಬೋರ್ಡೇ ಹಾಕವ್ರೆ.

ಬಳ್ಳಿ_ಬದನೆ (ಬರ್ಲಿನ್)

ಊಟದ ಮಾತು ಯಾರೂ ಎತ್ತಲಿಲ್ಲ, ನಾನು ಹೇಳುತ್ತೇನೆ. ನಾನೂ ಶುದ್ಧ ಸಸ್ಯಾಹಾರಿ, ಮಾಲ್ಟಾದಲ್ಲಿ ಉಪವಾಸ ಬೀಳಲಿಲ್ಲ.

ಹೊಬ್ಜ್ ಬಿಜ್-ಜೇತ್ ಕೇಳಿ. ಗಟ್ಟಿ ಸಿಪ್ಪೆಯ ಹಳ್ಳಿ ಬ್ರೆಡ್ಡಿಗೆ ಹಣ್ಣು ಟೊಮ್ಯಾಟೊ ತಿಕ್ಕಿ, ಆಲಿವ್ ಎಣ್ಣೆ ಸುರಿದು, ಆಲಿವ್, ಕೇಪರ್ ಮೊಗ್ಗು, ಪುದೀನ ಹಾಕಿ ಕೊಡುತ್ತಾರೆ. ರೂಢಿಯಲ್ಲಿ ಟ್ಯೂನಾ ಮೀನನ್ನೂ ಸೇರಿಸುವುದರಿಂದ ಮೀನು ಬೇಡವೆಂದು ಮೊದಲೇ ಹೇಳಬೇಕು. ಬಿಗಿಲ್ಲಾ ಅಂತ ಇದೆ, ಒಣ ಅವರೆ ಜಾತಿಯ ಕಾಳು ಬೇಯಿಸಿ ಬೆಳ್ಳುಳ್ಳಿ, ಮೆಣಸಿನಕಾಯಿ, ಎಣ್ಣೆ ಹಾಕಿ ಅರೆದದ್ದು. ನಮ್ಮ ನಾಲಿಗೆಗೆ ತಕ್ಷಣ ಒಗ್ಗುತ್ತದೆ. ಬದನೆಕಾಯಿ, ಟೊಮ್ಯಾಟೊ, ದೊಣ್ಣೆಮೆಣಸಿನ ಕಪುನಾತಾ ಪಲ್ಯ, ತರಕಾರಿಯ ಮಿನೆಸ್ತ್ರಾ ಸಾರು ಕೂಡ ನಡೆಯುತ್ತವೆ. ಮಿನೆಸ್ತ್ರಾಕ್ಕೆ ಮಾಂಸದ ಸಾರು ಬೆರೆಸಿದ್ದಾರೆಯೇ ಎಂದು ಕೇಳುವುದು ಕ್ಷೇಮ.

ಪಸ್ತಿಟ್ಸಿ ಬಗ್ಗೆ ಎಚ್ಚರ. ಬಟಾಣಿ ತುಂಬಿದ್ದೂ ಇದೆ, ರಿಕೊಟ್ಟಾ ಗಿಣ್ಣು ತುಂಬಿದ್ದೂ ಇದೆ, ನೋಡಲು ಸಸ್ಯಾಹಾರ. ಆದರೆ ಹಿಟ್ಟಿನ ಪದರಕ್ಕೆ ಹಂದಿ ಕೊಬ್ಬು ಹಾಕುವ ಹಳೆಯ ಪದ್ಧತಿ ಕೆಲವು ಕಡೆ ಇದೆ, ರಿಕೊಟ್ಟಾ ಜೊತೆ ಮೊಟ್ಟೆ ಸೇರುವುದೂ ಉಂಟು. ರವ್ಯೂಲ್ ಎಂಬ ತುಂಬಿದ ಪಾಸ್ತಾದಲ್ಲೂ ಮೊಟ್ಟೆ ಇರುತ್ತದೆ. ಸಿಹಿಗೆ ಇಮ್‌ಅರೆತ್ ಇದೆ, ಖರ್ಜೂರದ ಹೂರಣವನ್ನು ಹಿಟ್ಟಿನಲ್ಲಿ ಮಡಿಸಿ ಎಣ್ಣೆಯಲ್ಲಿ ಕರಿದದ್ದು. ಕರಿಯುವ ಎಣ್ಣೆ ಯಾವುದೆಂದು ವಿಚಾರಿಸಿ. ಸೆಪ್ಟೆಂಬರ್‌ನಲ್ಲಿ ಪಾಪಾಸುಕಳ್ಳಿ ಹಣ್ಣಿನ ಕಾಲ ಇನ್ನೂ ಇರುತ್ತದೆ, ಮುಳ್ಳು ತೆಗೆದು ತಣ್ಣಗೆ ಮಾಡಿದ್ದು ಸಿಕ್ಕರೆ ಬಿಡಬೇಡಿ. ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ಹಿಡಿದರೆ ಹಿರಿಯರಿಗೆ ಅನ್ನ-ಸಾರಿನ ಚಿಂತೆ ಇರುವುದಿಲ್ಲ.

ಪಯಣಿಗ (ಹುಬ್ಬಳ್ಳಿ)

ವೀಸಾ ವಿಷಯ ಚುಟುಕಾಗಿ: ಷೆಂಗನ್ ವೀಸಾ, ದೊಡ್ಡವರಿಗೆ 90 ಯುರೋ, ಆರರಿಂದ ಹನ್ನೆರಡು ವರ್ಷದೊಳಗಿನವರಿಗೆ 45. ಕನಿಷ್ಠ 30,000 ಯುರೋ ರಕ್ಷಣೆಯ ಪ್ರಯಾಣ ವಿಮೆ ಬೇಕು. ಅರ್ಜಿ ಆರು ತಿಂಗಳು ಮುಂಚೆಯೇ ಹಾಕಬಹುದು, ಬೇಸಿಗೆಯಲ್ಲಿ ನೂಕುನುಗ್ಗಲು, ಬೇಗ ಹಾಕಿ. ವಾಹನ ಓಡಿಸುವುದು ನಮ್ಮ ಹಾಗೆ ಎಡಗಡೆ.

ಮಲ್ಪೆಯವ (ಉಡುಪಿ)

ಎಲ್ಲ ಓದಿದೆ ಮಾರ್ರೆ, ಆದರೆ ಮೀನಿನ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ನಮ್ಮದು ಮೀನುಗಾರಿಕೆಯ ಮನೆ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಯಾವ ಮೀನು? ಹೇಗೆ ಹಿಡಿಯುತ್ತಾರೆ? ವಲೆಟ್ಟಾದವರೇ, ನಿಮಗೆ ಗೊತ್ತಿರುತ್ತದೆ.

ವಲೆಟ್ಟಾ_ವಾಸಿ (ಮಾಲ್ಟಾ)

ಮಲ್ಪೆಯಣ್ಣ, ಈ ಪ್ರಶ್ನೆಗೇ ಕಾಯುತ್ತಿದ್ದೆ. ಸೆಪ್ಟೆಂಬರ್ ಅಂದರೆ ಲಂಪುಕಿ. ಬೇರೆ ಕಡೆ ಮಾಹಿ-ಮಾಹಿ ಅನ್ನುತ್ತಾರಲ್ಲ, ಅದೇ ಜಾತಿ. ನಮ್ಮ ಅರಬ್ಬಿ ಸಮುದ್ರದಲ್ಲೂ ಇದೆ. ಹಣೆ ಎತ್ತರ, ಮೈ ಹಸಿರು-ಬಂಗಾರ. ನೀರಿನಿಂದ ತೆಗೆದ ಕೆಲ ಹೊತ್ತಿಗೆ ಆ ಬಣ್ಣ ಮಾಸಿ ಬೂದಿಯಾಗುತ್ತದೆ. ಆಗಸ್ಟ್ 15ರ ಸಾಂತಾ ಮರಿಯಾ ಹಬ್ಬದ ಹೊತ್ತಿಗೆ ಶುರುವಾಗಿ ಡಿಸೆಂಬರ್‌ವರೆಗೆ ಸುಗ್ಗಿ.

ಹಿಡಿಯುವ ರೀತಿಗೆ ಕನ್ನಿಟ್ಸಾತಿ ಅನ್ನುತ್ತಾರೆ. ಲಂಪುಕಿಗೆ ತೇಲುವ ವಸ್ತುವಿನ ನೆರಳಿನಲ್ಲಿ ಸೇರುವ ಸ್ವಭಾವ. ಹಾಗಾಗಿ ಮೀನುಗಾರರು ತೇಲುವ ಸಣ್ಣ ತೆಪ್ಪ ಮಾಡುತ್ತಾರೆ. ಹಿಂದೆ ಬೆಂಡುಮರದ ತೊಗಟೆಯದು, ಈಗ ಥರ್ಮೋಕೋಲಿನಂಥದ್ದು. ಕೆಳಗೆ ಖರ್ಜೂರ ಜಾತಿಯ ತಾಳೆಗರಿ ಕಟ್ಟುತ್ತಾರೆ. ಸುಣ್ಣಕಲ್ಲಿನ ಚಪ್ಪಡಿಗೆ ಉದ್ದದ ಹಗ್ಗ ಬಿಗಿದು ತಳಕ್ಕೆ ಇಳಿಬಿಟ್ಟು ತೆಪ್ಪ ತೇಲಿಸುತ್ತಾರೆ. ದಡದಿಂದ ಹೊರಕ್ಕೆ ಸಾಲಾಗಿ ಮೈಲಿಗಟ್ಟಲೆ ಹೀಗೆ ನಿಲ್ಲಿಸಿ, ಒಂದೊಂದನ್ನೇ ನೋಡಿಕೊಂಡು ಹೋಗುತ್ತಾರೆ. ನೆರಳಿನಲ್ಲಿ ಮೀನು ಕಂಡರೆ ಬಲೆಯಿಂದ ಸುತ್ತುಗಟ್ಟಿ ಎತ್ತುತ್ತಾರೆ. ಜುಲೈ ಕೊನೆಯಿಂದಲೇ ಊರಿನಲ್ಲಿ ಗರಿಗಳ ರಾಶಿ ಬೀಳುತ್ತದೆ, ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಕೆಲಸ.

ಸೆಪ್ಟೆಂಬರ್ ಕೊನೆಗೆ ಹೋಟೆಲುಗಳಲ್ಲಿ ಲಂಪುಕಿ ಹುರಿದದ್ದು ಸಿಗುತ್ತದೆ, ಪಾಲಕ್, ಆಲಿವ್, ಕೇಪರ್ ಸೇರಿಸಿದ ಲಂಪುಕಿ ಕಡುಬಿನಂಥದ್ದೂ ಸಿಗುತ್ತದೆ. ಶ್ಲೊಕ್ ಗಾಳಿ ಬಿಡದೆ ಬೀಸಿದರೆ ದೋಣಿ ಹೊರಡುವುದಿಲ್ಲ, ಆಗ ಅಂಗಡಿಯಲ್ಲಿ ಸಾಕಿದ ಮೀನೇ ಜಾಸ್ತಿ. ಕೇಳಿ ತೆಗೆದುಕೊಳ್ಳಿ, ಮರೆಮಾಚುವುದಿಲ್ಲ.

ಮಲ್ಪೆಯವ (ಉಡುಪಿ)

ಇದನ್ನು ಓದಿ ಆಶ್ಚರ್ಯವೇ ಆಯಿತು. ನಮ್ಮ ಕಡಲಲ್ಲೂ ಇದೇ ಉಪಾಯ ಬಂದಿದೆ, ಮೀನು ಮಾತ್ರ ಬೇರೆ. ಕಪ್ಪೆ ಬೊಂಡಾಸು (ಇಂಗ್ಲಿಷಿನಲ್ಲಿ ಕಟಲ್‌ಫಿಶ್) ಮೊಟ್ಟೆ ಇಡಲಿಕ್ಕೆ ಆಸರೆ ಹುಡುಕುತ್ತದೆ ಅಂತ ತೆಂಗಿನ ಗರಿ, ಹೊಂಬಾಳೆ ಕಟ್ಟಿ, ಮರಳಿನ ಚೀಲದ ಭಾರ ಹಾಕಿ ಮುಳುಗಿಸುತ್ತಾರೆ. ಬೊಂಡಾಸು ಅಲ್ಲಿ ಸೇರಿದ ಮೇಲೆ ಗಾಳ ಹಾಕಿ ಎತ್ತುತ್ತಾರೆ. ಹೆಚ್ಚಾಗಿ ತಮಿಳುನಾಡು ಕಡೆಯಿಂದ ಬಂದ ದೋಣಿಯವರು ಮಾಡುವುದು. ಇದರಿಂದ ಇಲ್ಲಿ ದೊಡ್ಡ ಗಲಾಟೆಯೇ ಆಗಿದೆ. ನಮ್ಮವರ ಟ್ರಾಲ್ ಬಲೆ ಆ ಗರಿಗೆ, ಚೀಲಕ್ಕೆ ಸಿಕ್ಕಿ ಹರಿಯುತ್ತದೆ. ಅದಕ್ಕಿಂತ ದೊಡ್ಡದು, ಮೊಟ್ಟೆ ಇಡಲಿಕ್ಕೆ ಬಂದದ್ದನ್ನೇ ಹಿಡಿದರೆ ಮುಂದಿನ ವರ್ಷಕ್ಕೆ ಎಲ್ಲಿಂದ ಬರಬೇಕು? ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿ ಕಟ್ಟಿ ಹಾಕುವುದೇ ಮೀನು ಮರಿ ಮಾಡಲಿ ಅಂತ. ಅಲ್ಲಿ ಜಗಳ ಇಲ್ಲವಾ? ನನ್ನ ತೆಪ್ಪದ ಕೆಳಗಿನ ಮೀನು ನೀನು ಹಿಡಿದೆ ಅಂತ ಹೊಡೆದಾಟ ಆಗುವುದಿಲ್ಲವಾ?

ವಲೆಟ್ಟಾ_ವಾಸಿ (ಮಾಲ್ಟಾ)

ಆಗಬಾರದೆಂದೇ ಸಾಲುಗಳನ್ನು ಸರ್ಕಾರದ ಮೀನುಗಾರಿಕೆ ಇಲಾಖೆ ಚೀಟಿ ಎತ್ತಿ ಹಂಚುತ್ತದೆ. ಯಾರಿಗೆ ಯಾವ ದಿಕ್ಕಿನ ಸಾಲು ಬಂತೋ ಆ ಸುಗ್ಗಿಗೆ ಅದೇ. ಒಳ್ಳೆಯ ಸಾಲು ಬಂದವರ ಮನೆಯಲ್ಲಿ ಅವತ್ತೇ ಹಬ್ಬ. ಊರವರೊಳಗೆ ಇದು ನಡೆದುಕೊಂಡು ಬಂದಿದೆ. ಹೊರಗಿನ ದೋಣಿಗಳು ಬಂದು ತೆಪ್ಪದ ಕೆಳಗಿನ ಮೀನು ಹೊಡೆದುಕೊಂಡು ಹೋಗುತ್ತವೆ ಎಂಬ ದೂರು ಮಾತ್ರ ಪ್ರತಿ ವರ್ಷದ್ದು.

ನೀವು ಹೇಳಿದ ಮೊಟ್ಟೆಯ ವಿಷಯ ಇಲ್ಲಿ ಅಷ್ಟು ತೀವ್ರವಾಗಿಲ್ಲ. ಲಂಪುಕಿ ಬಹಳ ಬೇಗ ಬೆಳೆಯುವ ಮೀನು, ನೆರಳಿಗೆ ಬರುವುದು ಹೆಚ್ಚಾಗಿ ಅದೇ ವರ್ಷ ಹುಟ್ಟಿದ ಮರಿಗಳು. ತೊಂದರೆ ಇರುವುದು ಹಗ್ಗದಲ್ಲಿ. ಬಿರುಗಾಳಿಗೆ ಕಿತ್ತುಹೋದ ತೆಪ್ಪ, ತಳದಲ್ಲಿ ಉಳಿದ ಪ್ಲಾಸ್ಟಿಕ್ ಹಗ್ಗ ಕಡಲಲ್ಲೇ ಉಳಿಯುತ್ತದೆ, ಕಡಲಾಮೆಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಗರಿ ಕೊಳೆಯುತ್ತದೆ, ಕಲ್ಲು ಕಲ್ಲಾಗಿಯೇ ಇರುತ್ತದೆ, ನೈಲಾನ್ ಹಗ್ಗ ಎಲ್ಲಿ ಹೋಗಬೇಕು? ಕೊಳೆಯುವ ನಾರಿನ ಹಗ್ಗಕ್ಕೆ ಮರಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಿಂಗಳುಗಟ್ಟಲೆ ಅಲೆಯ ಎಳೆತ ತಡೆಯಬೇಕಲ್ಲ ಎಂದು ಮೀನುಗಾರರು ಕೇಳುವುದೂ ನ್ಯಾಯವೇ.

ಮಲ್ಪೆಯವ (ಉಡುಪಿ)

ತೆಂಗಿನ ನಾರಿನ ಹಗ್ಗ ಉಪ್ಪುನೀರಿಗೆ ಚೆನ್ನಾಗಿ ತಡೆಯುತ್ತದೆ. ನಮ್ಮ ಅಜ್ಜನ ಕಾಲದ ರಂಪಣಿ ಬಲೆಗೆ ಅದೇ ಹಗ್ಗ. ಒಂದು ಸುಗ್ಗಿಗೆ ಸಾಕಾಗಬಹುದು, ದಪ್ಪ ಸರಿಯಾಗಿ ನೋಡಬೇಕು ಅಷ್ಟೇ. ಕಾಡುಮಲ್ಲಿಗೆ ಅಕ್ಕ, ನೀವು ಹೋದಾಗ ಒಂದು ಉಪಕಾರ ಮಾಡಿ. ದಂಡೆಯಲ್ಲಿ ಎಲ್ಲಿಯಾದರೂ ತೆಪ್ಪ ಕಂಡರೆ ಗರಿ ಹೇಗೆ ಕಟ್ಟಿದ್ದಾರೆ, ಹಗ್ಗ ಎಷ್ಟು ದಪ್ಪ, ಕಲ್ಲಿಗೆ ಗಂಟು ಹೇಗೆ ಅಂತ ಹತ್ತಿರದಿಂದ ಫೋಟೊ ತೆಗೆದು ಇಲ್ಲಿ ಹಾಕಿ.

ಕಾಡುಮಲ್ಲಿಗೆ (ಬೆಂಗಳೂರು)

ಖಂಡಿತ ಹಾಕುತ್ತೇನೆ ಅಣ್ಣ, ಅವರನ್ನು ಕೇಳಿಯೇ ತೆಗೆಯುತ್ತೇನೆ. ಎಲ್ಲರಿಗೂ ಮನಸಾರೆ ಧನ್ಯವಾದ. ಈಗ ಹೀಗೆ ನಿಶ್ಚಯಿಸಿದ್ದೇವೆ: ಭಾನುವಾರ ವಲೆಟ್ಟಾದಲ್ಲಿ, ಸೋಮವಾರ ಮಧ್ಯಾಹ್ನ ಮಾರ್ಸಾಶ್ಲೊಕ್‌ಗೆ, ಗುರುವಾರದವರೆಗೆ ಅಡುಗೆಮನೆ ಇರುವ ಮನೆಯಲ್ಲಿ ವಾಸ. ಮಂಗಳವಾರ ಎಲ್ಲರೂ ಪ್ರೆಟಿ ಬೇ. ಬುಧವಾರ ಬೆಳಿಗ್ಗೆ ನಾವು ಮೂವರು ದೋಣಿಯಲ್ಲಿ ಸೇಂಟ್ ಪೀಟರ್ಸ್ ಪೂಲ್, ಅಷ್ಟರಲ್ಲಿ ಅತ್ತೆ-ಮಾವ ತಾಸ್-ಸಿಲ್ಜ್‌ಗೆ. ಸರಿಯಿದೆಯೇ?

ತಣ್ಣೀರುಬಾವಿ_ಹುಡುಗಿ (ಸ್ಲೀಮಾ, ಮಾಲ್ಟಾ)

ಸರಿಯಿದೆ. ಬುಧವಾರ, ಮಂಗಳವಾರ ಅದಲುಬದಲು ಆಗುವ ಹಾಗೆ ಇಟ್ಟುಕೊಳ್ಳಿ. ಗಾಳಿ ಯಾವ ದಿನ ವಾಯವ್ಯದಿಂದ ಇರ್ತದೋ ಆ ದಿನ ಪೂಲ್‌ಗೆ ಹೋಗಿ. ಟೋಪಿ, ಮೂರು ಜನಕ್ಕೆ ಸಾಕಾಗುವಷ್ಟು ನೀರು ದಂಡೆಯಿಂದಲೇ ತೆಗೆದುಕೊಂಡು ಹತ್ತಿ.

ವಲೆಟ್ಟಾ_ವಾಸಿ (ಮಾಲ್ಟಾ)

ತಾಸ್-ಸಿಲ್ಜ್‌ಗೆ ಹಿರಿಯರು ನಡೆದು ಹೋಗುವುದು ಬೇಡ, ಏರುದಾರಿ, ಟ್ಯಾಕ್ಸಿ ಮಾಡಿ. ಸೆಪ್ಟೆಂಬರ್ ಕೊನೆಗೆ ತೆಪ್ಪಗಳೆಲ್ಲ ಕಡಲಲ್ಲಿರುತ್ತವೆ. ಆದರೂ ರಿಪೇರಿಗೆ ತಂದವು, ಮಿಕ್ಕ ಕಲ್ಲು-ಹಗ್ಗಗಳು ದಡದಲ್ಲಿ ಬಿದ್ದಿರುತ್ತವೆ, ದೋಣಿಗಳನ್ನು ಮೇಲಕ್ಕೆ ಎಳೆಯುವ ಇಳಿಜಾರಿನ ಸುತ್ತ ಹುಡುಕಿ. ಬೆಳಿಗ್ಗೆ ಆರೂವರೆಗೆ ಅಲ್ಲಿದ್ದರೆ ದೋಣಿಯವರೇ ಸಿಗುತ್ತಾರೆ. ನಾರಿನ ಹಗ್ಗದ ವಿಷಯ ಅವರನ್ನು ನಾನೂ ಕೇಳುತ್ತೇನೆ. ಮಲ್ಪೆಯಣ್ಣ, ಅಂಥ ಹಗ್ಗ ನಿಮ್ಮಲ್ಲಿ ಎಷ್ಟು ದಪ್ಪದವರೆಗೆ ಸಿಗುತ್ತದೆ, ಮೀಟರಿಗೆ ಏನು ಬೆಲೆ ಎಂದು ವಿಚಾರಿಸಿ ಇಲ್ಲೇ ಬರೆಯಿರಿ.